ವಾಟೆ ಉಳಿದ ಮಾವಿನ ಹಣ್ಣು: ಒಬ್ಬ ಹುಡುಗನ ಎದೆ, ಮನೆಮಂದಿಯ ಪ್ರಶ್ನೆಗಳು

ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನಕ್ಕೆ ಒಳಗೆ ಹೋಗುವಾಗ ಗಂಡಸರು ಅಂಗಿ, ಬನಿಯನ್ ಬಿಚ್ಚಬೇಕು. ಸಾಲು ಅಲ್ಲಿಗೆ ಬಂದಾಗ ನನ್ನ ಅಕ್ಕನ ಮಗ ನಿಂತುಬಿಟ್ಟ. "ನೀವು ಹೋಗಿ ಬನ್ನಿ, ನಾನು ಚಪ್ಪಲಿ ಹತ್ರ ಇರ್ತೀನಿ" ಅಂದ. ಎರಡೂವರೆ ಗಂಟೆ ಸಾಲಿನಲ್ಲಿ ನಿಂತು, ಇನ್ನೇನು ದೇವರು ಕಾಣುತ್ತಾನೆ ಅನ್ನುವಾಗ ಚಪ್ಪಲಿ ಕಾಯುತ್ತೇನೆ ಅಂದರೆ ಯಾರಿಗೆ ಸಿಟ್ಟು ಬರಲ್ಲ? ಭಾವ ಅಲ್ಲೇ ಬೈದರು. ಹಿಂದಿದ್ದವರು ತಳ್ಳಿದರು. ಕೊನೆಗೆ ಹುಡುಗ ಅಂಗಿ ಬಿಚ್ಚಿದ. ಟವೆಲನ್ನು ಎದೆ ಮೇಲೆ ಅಡ್ಡ ಹಾಕಿ, ಎರಡೂ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಡೆದ. ನೋಡಿದವರಿಗೆ ಭಾರಿ ಭಕ್ತ ಅನ್ನಿಸಿರಬೇಕು.

ಆವತ್ತು ರಾತ್ರಿ ಉಳಿದುಕೊಂಡಿದ್ದ ಕೋಣೆಯ ಹೊರಗೆ ಕೂತಾಗ ಅವನೇ ಬಾಯಿ ಬಿಟ್ಟ. "ಮಾವ, ನಿಮ್ಮ ಅಂಗಡೀಲಿ ಎದೆ ಕರಗಿಸೋ ಮಾತ್ರೆ ಏನಾದ್ರೂ ಇದ್ಯಾ?"

ನನಗೆ ಈ ಪ್ರಶ್ನೆ ಹೊಸದಲ್ಲ. ಹಿರಿಯೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಕಾದು, ಆಮೇಲೆ ಮೆಲ್ಲಗೆ ಕೌಂಟರ್ ಹತ್ತಿರ ಬರುವ ಹುಡುಗರಲ್ಲಿ ಎರಡು ಥರ. ಒಂದು ಥರದವರು ಏನು ಕೇಳುತ್ತಾರೆ ಅಂತ ನಿಮಗೆ ಗೊತ್ತು. ಇನ್ನೊಂದು ಥರದವರು, ಹೆಂಗಸರ ಹಾಗೆ ಎದೆ ಬೆಳೆದವರು, ಇದನ್ನು ಕೇಳುತ್ತಾರೆ. ನಿಜ ಹೇಳುತ್ತೇನೆ, ಒಂದು ಕಾಲದಲ್ಲಿ ಅಂಥವರಿಗೆ ನಾನೂ ಒಂದು ಕ್ರೀಮ್ ಮಾರಿದ್ದೇನೆ. ಹಚ್ಚಿದರೆ ತಣ್ಣಗಾಗುತ್ತದೆ, ಪುದೀನ ವಾಸನೆ ಬರುತ್ತದೆ, ಅಷ್ಟೇ. ಎರಡನೇ ಟ್ಯೂಬಿಗೆ ಯಾರೂ ವಾಪಸ್ ಬರಲಿಲ್ಲ.

ಹುಡುಗನಿಗೆ ಆಗ 21. ದಾವಣಗೆರೆಯಲ್ಲಿ ಎಂಜಿನಿಯರಿಂಗ್, ಹಾಸ್ಟೆಲ್ ವಾಸ. ಇಲ್ಲಿರುವುದೆಲ್ಲ ಅವನು ಓದಿ, ಎರಡು ಕಡೆ ಹೊಡೆದು ಹಾಕಿಸಿ, ಒಪ್ಪಿದ ಮೇಲೆ ಉಳಿದದ್ದು. ಹೆಸರು ಬೇಡ ಅಂದ, ಹಾಕಿಲ್ಲ. ನಾನು ವೈದ್ಯನಲ್ಲ. ಅವನ ಜೊತೆ ಓಡಾಡಿದವನು, ಮನೆಯವರು ಕೇಳಿದ ಪ್ರಶ್ನೆಗಳನ್ನೂ ಡಾಕ್ಟರು ಕೊಟ್ಟ ಉತ್ತರಗಳನ್ನೂ ಅಂಗಡಿಯ ಹಳೇ ಸ್ಟಾಕ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಚಿಟ್ಟುಕೊಂಡವನು.

ಏಳು ವರ್ಷದ ಕಥೆ

ಶುರುವಾದದ್ದು ಒಂಬತ್ತನೇ ತರಗತಿಯಲ್ಲಿ. ಎರಡೂ ತೊಟ್ಟಿನ ಕೆಳಗೆ ಚಿಕ್ಕ ಗಂಟು, ಮುಟ್ಟಿದರೆ ನೋವು. ನೋವು ಕೆಲವು ತಿಂಗಳಲ್ಲಿ ಹೋಯಿತು, ಗಂಟು ಹೋಗಲಿಲ್ಲ, ಮೆಲ್ಲಗೆ ದೊಡ್ಡದಾಯಿತು. ಶಾಲೆಯಲ್ಲಿ ಒಂದು ಅಡ್ಡಹೆಸರು ಬಿತ್ತು. ಅದು ಅವನು ಹೊಡೆದು ಹಾಕಿಸಿದ ಎರಡರಲ್ಲಿ ಒಂದು. ಆಮೇಲೆ ಎರಡು ಬನಿಯನ್, ಮೇಲೊಂದು ದೊಗಲೆ ಅಂಗಿ, ಅದೂ ಕಪ್ಪು ಅಥವಾ ಚೌಕಳಿ. ಭುಜ ಮುಂದಕ್ಕೆ ಬಾಗಿಸಿ ನಡೆಯುವುದು ಅಭ್ಯಾಸವಾಯಿತು. "ನೆಟ್ಟಗೆ ನಡಿಯೋ, ಮುದುಕನ ಥರ ಬಗ್ಗಬೇಡ" ಅಂತ ನಾನೇ ಎಷ್ಟು ಸಲ ಬೆನ್ನಿಗೆ ಗುದ್ದಿದ್ದೇನೋ.

ಹಾಸ್ಟೆಲ್ ಸೇರಿದ ಮೇಲೆ ಜಿಮ್‌ಗೆ ಹೋದ. ಎಂಟು ತಿಂಗಳಲ್ಲಿ 9 ಕೆಜಿ ಇಳಿಸಿದ. ಹೊಟ್ಟೆ ಕರಗಿತು, ಮುಖ ಇಳಿಯಿತು. ಎದೆ ಮಾತ್ರ ಹಾಗೇ. ಸುತ್ತಲಿನದು ಇಳಿದ ಮೇಲೆ ತೊಟ್ಟಿನ ಕೆಳಗಿನದು ಇನ್ನೂ ಎದ್ದು ಕಂಡಿತು. ಜಿಮ್ಮಿನವರು "ಇನ್ನೂ ಬೆಂಚ್ ಪ್ರೆಸ್ ಹೊಡಿ" ಅಂದರು.

ನಾನು ಮೊದಲು ಕೇಳಿದ್ದು ಅಂಗಡಿಯವನ ಪ್ರಶ್ನೆ. ಏನೇನು ತಗೊಂಡಿದ್ದೀಯ? ಪ್ರೋಟೀನ್ ಪುಡಿ ಬಿಟ್ಟು ಇಂಜೆಕ್ಷನ್ ಏನಾದರೂ? ಮೈಕಟ್ಟಿಗೆ ಅಂತ ಕೆಲವು ಜಿಮ್‌ಗಳಲ್ಲಿ ಕದ್ದುಮುಚ್ಚಿ ಸ್ಟೆರಾಯ್ಡ್ ಕೊಡುತ್ತಾರೆ, ಅದರಿಂದ ಗಂಡಸರಿಗೆ ಎದೆ ಬೆಳೆಯುತ್ತದೆ. ನೀರಿಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್, ಫಂಗಸ್‌ಗೆ ಕೊಡುವ ಕೀಟೊಕೊನಜೋಲ್ ಮಾತ್ರೆ, ಕೂದಲಿಗೆ ಕೊಡುವ ಫಿನಾಸ್ಟರೈಡ್, ಇವೂ ಆ ಪಟ್ಟಿಯಲ್ಲಿವೆ. ಹುಡುಗ ಯಾವುದನ್ನೂ ಮುಟ್ಟಿರಲಿಲ್ಲ.

ಮನೆಯಲ್ಲಿ ಮಾತು ಹೊರಬಿದ್ದಾಗ ಎಲ್ಲರ ಬಳಿ ಒಂದೊಂದು ಕಾರಣ ಸಿದ್ಧವಿತ್ತು. ಭಾವನಿಗೆ ಇದು ಹಾಸ್ಟೆಲ್ಲಿನ ಕೋಳಿ, ಮೊಟ್ಟೆ. ಅಕ್ಕನಿಗೆ ಯಾರದೋ ಕಣ್ಣು. ನನ್ನ ಅಮ್ಮ, ಅಂದರೆ ಹುಡುಗನ ಅಜ್ಜಿ, ತಪ್ಪು ತನ್ನದೇ ಅಂದುಬಿಟ್ಟಳು: "ಹುಟ್ಟಿದಾಗ ಎಣ್ಣೆನೀರು ಹಾಕೋವಾಗ ಎದೆ ಹಿಂಡ್ಬೇಕಿತ್ತು. ನಿಮ್ಮಕ್ಕ ಅತ್ಲು ಅಂತ ಬಿಟ್ಟೆ."

ಮೊದಲ ಬಾಗಿಲು

ಹುಡುಗ ಅಷ್ಟರಲ್ಲಿ ಫೋನಿನಲ್ಲಿ ಒಂದು ಜಾಹೀರಾತು ನೋಡಿ, ನಂಬರ್ ಹಾಕಿ ಆಗಿತ್ತು. ಬೆಂಗಳೂರಿನ ಒಂದು ಸೆಂಟರ್. ಹೆಸರು ಇಲ್ಲಿ ಬೇಡ. ದಿನಕ್ಕೆ ಮೂರು ಸಲ ಫೋನ್. ಹೋಗಿ ನೋಡೋಣ ಅಂತ ಇಬ್ಬರೂ ಹೋದೆವು. ಗಾಜಿನ ಬಾಗಿಲು, ತಣ್ಣನೆ ಎಸಿ, ಕಾಫಿ ಕೂಡ ಕೊಟ್ಟರು.

ಎದುರಿಗೆ ಕೂತದ್ದು ಕೌನ್ಸೆಲರ್. ಚುರುಕು ಹುಡುಗಿ, ಮಾತು ಬಲ್ಲವಳು. "ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಲೇಸರ್ ಲೈಪೊ, ಬೆಳಿಗ್ಗೆ ಬಂದ್ರೆ ಸಂಜೆ ಮನೆಗೆ. ಪ್ಯಾಕೇಜ್ 55 ಸಾವಿರ. ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಐದು ಸಾವಿರ ಕಡಿಮೆ, ಇಎಂಐ ಇದೆ." ಲೈಪೊ ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು. ಡಾಕ್ಟರು ಕೊನೆಯಲ್ಲಿ ಎರಡು ನಿಮಿಷಕ್ಕೆ ಬಂದರು. ಹುಡುಗ ಅಂಗಿ ಎತ್ತಿದ. ಅವರು ಬಾಗಿಲ ಹತ್ತಿರ ನಿಂತೇ ನೋಡಿ "ಮಾಡಬಹುದು" ಅಂದರು. ಮುಟ್ಟಲಿಲ್ಲ. ನಿಮ್ಮ ಓದು ಏನು ಸಾರ್ ಅಂತ ಕೇಳಿದೆ. ಅವರ ಬದಲು ಕೌನ್ಸೆಲರ್ ಉತ್ತರ ಕೊಟ್ಟಳು, "ಸರ್ ಸೀನಿಯರ್ ಕಾಸ್ಮೆಟಿಕ್ ಸರ್ಜನ್." ಅರಿವಳಿಕೆ ಯಾರು ಕೊಡುತ್ತಾರೆ, ಏನಾದರೂ ಹೆಚ್ಚುಕಮ್ಮಿ ಆದರೆ ಐಸಿಯು ಎಲ್ಲಿ? "ಅದೆಲ್ಲ ಟೈ-ಅಪ್ ಇದೆ ಅಂಕಲ್."

ಹೊರಗೆ ಬರುವಷ್ಟರಲ್ಲಿ ಅಕ್ಕನ ಫೋನ್. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ, ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡ ಸುದ್ದಿ ಅವಳ ತಲೆಯಲ್ಲಿ ಕೂತಿತ್ತು. ಮಗನಿಗೂ ಅದೇ 21. "ಎದೆ ಹೆಂಗಾದ್ರೂ ಇರ್ಲಿ, ಮಗ ಇರ್ಲಿ. ವಾಪಸ್ ಬನ್ನಿ" ಅಂದಳು. ಆ ಸುದ್ದಿ ಆಗ ಮನೆಮನೆಯಲ್ಲೂ ಮಾತಾಗಿತ್ತು. ನನ್ನ ಅಂಗಡಿಗೆ ಬಂದವರಲ್ಲೂ ಅದನ್ನು ಎತ್ತದವರು ಕಡಿಮೆ. ಅಕ್ಕನ ಹೆದರಿಕೆಯನ್ನು ಸುಮ್ನೆ ಹೆಂಗಸರ ಹೆದರಿಕೆ ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಕೊಬ್ಬು ಹೀರುವುದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ, ಆಪರೇಷನ್.

ಆಮೇಲೆ ನಾನು ಕಲಿತದ್ದು ಇಷ್ಟು. 'ಕಾಸ್ಮೆಟಿಕ್ ಸರ್ಜನ್' ಅನ್ನುವುದು ಬೋರ್ಡಿನ ಮೇಲಿನ ಮಾತು. ನೋಡಬೇಕಾದ ಪದವಿ ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ. ಎಂಬಿಬಿಎಸ್, ಎಂಎಸ್ ಮುಗಿಸಿ ಆಮೇಲೆ ಮೂರು ವರ್ಷ ಓದುವುದು ಎಂಸಿಎಚ್. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಆಸ್ಪತ್ರೆಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬೇಕು. ಅದು 2007ರ ಕಾಯ್ದೆ, ಖಾಸಗಿ ಆಸ್ಪತ್ರೆಗಳೆಲ್ಲ ಅದರಡಿ ಬರುತ್ತವೆ. ಆ ಪ್ರಮಾಣಪತ್ರ ಎಲ್ಲಿ ತೂಗುಹಾಕಿದ್ದಾರೆ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಎರಡು ಬೆರಳಿನ ಪರೀಕ್ಷೆ

ಎರಡನೇ ಡಾಕ್ಟರು ಒಂದು ದೊಡ್ಡ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್. ಐವತ್ತು ದಾಟಿದವರು, ಮಾತು ನಿಧಾನ. ಹೊರಗೆ ಕೈ ಸುಟ್ಟುಕೊಂಡವರು, ಸೀಳುತುಟಿ ಮಕ್ಕಳನ್ನು ಎತ್ತಿಕೊಂಡವರು ಕಾಯುತ್ತಿದ್ದರು. ಆ ಸಾಲಿನಲ್ಲಿ ಕೂತು ಹುಡುಗ ಇನ್ನೂ ಮುದುಡಿದ. ತನ್ನದೂ ಒಂದು ತೊಂದರೆಯಾ ಅಂತ ಅನ್ನಿಸಿತಂತೆ.

ಡಾಕ್ಟರು ಅವನನ್ನು ಮಲಗಿಸಿದರು. ಹೆಬ್ಬೆರಳು, ತೋರುಬೆರಳು ಎರಡನ್ನೂ ಎದೆಯ ಎರಡು ಬದಿಯಿಂದ ತೊಟ್ಟಿನ ಕಡೆಗೆ ಮೆಲ್ಲಗೆ ತಂದರು. ಆಮೇಲೆ ಹುಡುಗನ ಕೈಯಲ್ಲೇ ಹಾಗೆ ಮಾಡಿಸಿದರು. "ಏನು ಸಿಗ್ತದೆ?"

"ರಬ್ಬರ್ ಬಿಲ್ಲೆ ಥರ ಏನೋ ಇದೆ ಸಾರ್."

"ಅದರ ಸುತ್ತ?"

"ಮೆತ್ತಗಿದೆ."

"ಬಿಲ್ಲೆ ಗ್ರಂಥಿ, ಮೆತ್ತಗಿರೋದು ಕೊಬ್ಬು. ನಿನಗೆ ಎರಡೂ ಇದೆ."

ಏಳು ವರ್ಷದಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಮಾತ್ರೆಯೋ, ಜಿಮ್ಮೋ, ಲೇಸರೋ, ಕತ್ತರಿಯೋ ಅಂತ ನಾವು ಕೇಳುತ್ತಿದ್ದ ಅಷ್ಟೂ ಪ್ರಶ್ನೆಗಳ ಉತ್ತರ ಆ ಎರಡು ಬೆರಳಿನ ನಡುವೆ ಇತ್ತು. ಬರೀ ಕೊಬ್ಬಾಗಿದ್ದರೆ ತೂಕ ಇಳಿಸಿ ನೋಡುವುದು, ಆಗದಿದ್ದರೆ ಹೀರಿ ತೆಗೆಯುವುದು. ಗ್ರಂಥಿ ಇದ್ದರೆ ಎಷ್ಟು ಬೆಂಚ್ ಪ್ರೆಸ್ ಹೊಡೆದರೂ ಅದು ಕರಗಲ್ಲ. ಕೆಳಗಿನ ಸ್ನಾಯು ಬೆಳೆದು ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ. ಗಂಡಸರಲ್ಲಿ ಹೀಗೆ ಸ್ತನದ ಗ್ರಂಥಿ ಬೆಳೆಯುವುದಕ್ಕೆ ಗೈನೆಕೊಮಾಸ್ಟಿಯಾ ಅಂತ ಹೆಸರು.

ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ವೃಷಣ ಪರೀಕ್ಷೆ ಮಾಡಿದರಂತೆ. ಕುಡಿತ, ಗಾಂಜಾ, ಮಾತ್ರೆ, ಎಲ್ಲ ಕೇಳಿದರಂತೆ. ಎದೆಗೆ ಬಂದವನ ಅಲ್ಲಿ ಯಾಕೆ ನೋಡಬೇಕು ಅಂತ ಭಾವ ಆಮೇಲೆ ಸಿಡಿಮಿಡಿ ಮಾಡಿದರು. ಕಾರಣ ಇದೆ. ಅಪರೂಪಕ್ಕೆ ವೃಷಣದ ಗೆಡ್ಡೆ ಮೊದಲು ಎದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಇದ್ದರೆ ವೃಷಣ ಚಿಕ್ಕದಿರುತ್ತದೆ. ಥೈರಾಯ್ಡ್, ಲಿವರ್ ಕೆಟ್ಟರೂ ಎದೆ ಬೆಳೆಯಬಹುದು. ಇವು ಯಾವುವೂ ಇಲ್ಲ ಅಂತ ಖಚಿತ ಮಾಡಿಕೊಳ್ಳದೆ ಕತ್ತರಿ ಹಿಡಿಯುವವರ ಹತ್ತಿರ ಹೋಗಬಾರದು ಅಂತ ಈಗ ನಾನು ಅಂಗಡಿಗೆ ಬರುವ ಹುಡುಗರಿಗೆ ಹೇಳುತ್ತೇನೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್, ಎಸ್ಟ್ರಡಯೋಲ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ಅನ್ನುವ ಹಾರ್ಮೋನುಗಳನ್ನು, ಜೊತೆಗೆ ಲಿವರ್, ಕಿಡ್ನಿ ನೋಡಿಸಿದರು. ಎದೆಗೊಂದು ಅಲ್ಟ್ರಾಸೌಂಡ್. ಎಲ್ಲ ಸರಿ ಇತ್ತು. ಗ್ರಂಥಿ ಎರಡೂ ಕಡೆ ಸುಮಾರು 4 ಸೆಂಟಿಮೀಟರ್.

ಮತ್ತೆ ಯಾಕೆ ಬಂತು? ಹರೆಯ ಬರುವಾಗ ಗಂಡು ಹುಡುಗರ ಮೈಯಲ್ಲಿ ಗಂಡು ಹಾರ್ಮೋನು, ಹೆಣ್ಣು ಹಾರ್ಮೋನು ಎರಡರ ತಕ್ಕಡಿ ಸ್ವಲ್ಪ ಕಾಲ ಏರುಪೇರಾಗುತ್ತದೆ. ತುಂಬಾ ಹುಡುಗರಿಗೆ ಆಗ ಎದೆ ಊದುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಅದಕ್ಕೇ 14, 15ರ ಹುಡುಗರನ್ನು ಯಾರೂ ಅವಸರದಲ್ಲಿ ಕುಯ್ಯಲ್ಲ. ಕೆಲವರಲ್ಲಿ ಇಳಿಯದೆ ಗಟ್ಟಿಯಾಗಿ ಉಳಿದುಬಿಡುತ್ತದೆ. ಗಂಡಸಿನ ಬದುಕಿನಲ್ಲಿ ಹೀಗೆ ಮೂರು ಸಲ ಎದೆ ಊದುವ ಕಾಲ ಇದೆಯಂತೆ: ಹುಟ್ಟಿದ ಹೊಸದರಲ್ಲಿ, ಹರೆಯದಲ್ಲಿ, ವಯಸ್ಸಾದ ಮೇಲೆ. ಮಗುವಿನದು ತಾಯಿಯ ಹಾರ್ಮೋನಿನಿಂದ ಆದದ್ದು, ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ. ಹಿಂಡಲೇಬಾರದು, ಹಿಂಡಿದರೆ ಕೀವಾಗಬಹುದು. ಇದನ್ನು ಅಮ್ಮನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಆದರೆ ತಪ್ಪು ತನ್ನದಲ್ಲ ಅನ್ನುವ ಭಾಗವನ್ನು ಮಾತ್ರ ಇಟ್ಟುಕೊಂಡಳು.

ಮಾತ್ರೆಯ ಮಾತು ನಾನೇ ಎತ್ತಿದೆ. ಹೆಣ್ಣು ಹಾರ್ಮೋನಿನ ಕೆಲಸ ತಡೆಯುವ ಟ್ಯಾಮಾಕ್ಸಿಫೆನ್ ಕೊಡುತ್ತಾರಲ್ಲ? ಡಾಕ್ಟರು ನಕ್ಕರು. "ನೀವು ಮೆಡಿಕಲ್ ಅಂಗಡಿಯವರು, ಕೇಳೇ ಕೇಳ್ತೀರಿ." ಶುರುವಿನಲ್ಲಿ, ನೋವಿರುವ ತಿಂಗಳುಗಳಲ್ಲಿ ಕೊಟ್ಟರೆ ಕೆಲವರಿಗೆ ಕೆಲಸ ಮಾಡುತ್ತದೆ. ವರ್ಷ ದಾಟಿ ಗ್ರಂಥಿಯೊಳಗೆ ನಾರು ತುಂಬಿಕೊಂಡ ಮೇಲೆ ಮಾತ್ರೆಗೆ ಅದು ಜಗ್ಗಲ್ಲ. ಇವನದು ಏಳು ವರ್ಷದ್ದು.

ಹೀರುವುದೋ, ಕತ್ತರಿಸುವುದೋ

ನಮ್ಮ ಮನೆಯಲ್ಲಿ ಜಾಸ್ತಿ ವಾದ ಆದದ್ದು ಇದರ ಮೇಲೆ. ಲೈಪೊದಲ್ಲಿ ಮೂರು ನಾಲ್ಕು ಮಿಲಿಮೀಟರಿನ ತೂತು ಸಾಕು, ಕಲೆ ಕಾಣಲ್ಲ. ಹಾಗಿರುವಾಗ ಕತ್ತರಿ ಯಾಕೆ? ಭಾವನಿಗೆ ಇದು ಡಾಕ್ಟರು ಬಿಲ್ಲು ಏರಿಸುವ ದಾರಿ ಅನ್ನಿಸಿತು. ಡಾಕ್ಟರು ಒಂದು ಕಾಗದದ ಮೇಲೆ ಮಾವಿನ ಹಣ್ಣು ಬರೆದರು. ಚಿತ್ರ ಅಷ್ಟೇನೂ ಚೆನ್ನಾಗಿರಲಿಲ್ಲ, ನಾನು ಮೊದಲು ಕಿಡ್ನಿ ಅಂದುಕೊಂಡೆ. "ಹಣ್ಣಿಗೆ ತೂತು ಮಾಡಿ ಹೀರಿದ್ರೆ ರಸ ಬರ್ತದೆ. ವಾಟೆ ಬರ್ತದಾ?"

ಕೊಬ್ಬು ರಸ, ಗ್ರಂಥಿ ವಾಟೆ. ಬರೀ ಹೀರಿದರೆ ಸುತ್ತಲಿನದು ಚಪ್ಪಟೆಯಾಗಿ ತೊಟ್ಟಿನ ಕೆಳಗಿನ ಗಂಟು ಮೊಟ್ಟೆಯ ಹಾಗೆ ಎದ್ದು ನಿಲ್ಲುತ್ತದೆ. ಜಿಮ್‌ನಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ, ದುಡ್ಡು ಕೊಟ್ಟು. ಬರೀ ವಾಟೆ ತೆಗೆದರೆ ಸುತ್ತ ಕೊಬ್ಬಿನ ದಿಣ್ಣೆ, ನಡುವೆ ಬಟ್ಟಲಿನ ಹಾಗೆ ಗುಳಿ. ಆದ್ದರಿಂದ ಎರಡೂ. ಮೊದಲು ಹೀರುವುದು, ಆಮೇಲೆ ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಅರ್ಧಚಂದ್ರದ ಗೀರು ಹಾಕಿ ಗ್ರಂಥಿ ತೆಗೆಯುವುದು. ಗ್ರಂಥಿಯನ್ನೂ ಪೂರ್ತಿ ತೆಗೆಯಲ್ಲ. ತೊಟ್ಟಿಗೆ ಆಸರೆಯಾಗಿ, ಅದರ ರಕ್ತನಾಳಕ್ಕಾಗಿ ಒಂದು ತೆಳು ಬಿಲ್ಲೆ ಬಿಡುತ್ತಾರೆ. ದುರಾಸೆಯಿಂದ ಎಲ್ಲ ಕೆರೆದರೆ ತೊಟ್ಟು ಒಳಗೆ ಬೀಳುತ್ತದೆ, ಕೆಲವು ಸಲ ಸತ್ತೂ ಹೋಗುತ್ತದೆ.

ಚರ್ಮ ಜೋತುಬಿದ್ದವರಿಗೆ ಬೇರೆ ಲೆಕ್ಕ, ಅವರಿಗೆ ಚರ್ಮವನ್ನೂ ಕತ್ತರಿಸಬೇಕು, ಕಲೆ ದೊಡ್ಡದು. 1973ರಲ್ಲಿ ಸೈಮನ್ ಅನ್ನುವವರು ಮಾಡಿದ ದರ್ಜೆಗಳು ಇವತ್ತಿಗೂ ಬಳಕೆಯಲ್ಲಿವೆ. ಅದರಲ್ಲಿ ಇವನದು ಎರಡನೆಯದು, ಎ. ಮಧ್ಯಮ ಗಾತ್ರ, ಚರ್ಮ ಹೆಚ್ಚಿಲ್ಲ. ವಯಸ್ಸು ಚಿಕ್ಕದು, ಚರ್ಮ ತಾನೇ ಬಿಗಿಯಾಗುತ್ತದೆ ಅಂದರು.

ಹಾಗಾದರೆ ಲೇಸರ್? ಲೇಸರ್, ಅಲ್ಟ್ರಾಸೌಂಡ್, ಇವೆಲ್ಲ ಕೊಬ್ಬನ್ನು ಒಡೆಯುವ ಬೇರೆ ಬೇರೆ ಸಲಕರಣೆ. ಕೆಲವರ ಕೈಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಬಿಸಿ ಇರುವುದರಿಂದ ಚರ್ಮ ಸುಡುವ ಅಪಾಯವೂ ಇದೆ. "ಸಲಕರಣೆ ಹೆಸರು ಕೇಳ್ಬೇಡಿ, ಗ್ರಂಥಿ ಹೆಂಗೆ ತೆಗೀತೀರಿ ಅಂತ ಕೇಳಿ" ಅಂದರು.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನು ಸ್ವಲ್ಪ ಓದಿಕೊಂಡೆ. ಕೊಬ್ಬನ್ನು ಮೊಂಡು ಕೊಳವೆಯಿಂದ ಹೀರುವುದು 1970ರ ದಶಕದಲ್ಲಿ ಇಟಲಿ, ಫ್ರಾನ್ಸಿನಲ್ಲಿ ಬೆಳೆದ ವಿದ್ಯೆ. ಅರ್ಧಚಂದ್ರದ ಗೀರು ಮಾತ್ರ ತೀರಾ ಹಳೆಯದು. 7ನೇ ಶತಮಾನದ ಗ್ರೀಕ್ ವೈದ್ಯ, ಈಜಿನಾದ ಪೌಲ, ಗಂಡಸರ ಎದೆ ಬೆಳೆದರೆ ಚಂದ್ರಾಕಾರದಲ್ಲಿ ಕುಯ್ದು ತೆಗೆಯಬೇಕು ಅಂತ ಬರೆದಿಟ್ಟಿದ್ದಾನೆ. ಕಪ್ಪು ವೃತ್ತದ ಅಂಚಿಗೆ ಆ ಗೀರನ್ನು ತಂದು ಬಣ್ಣಗಳ ಗಡಿಯಲ್ಲಿ ಬಚ್ಚಿಡುವುದನ್ನು ಹೆಚ್ಚು ಬಳಕೆಗೆ ತಂದದ್ದು ವೆಬ್‌ಸ್ಟರ್ ಅನ್ನುವ ಸರ್ಜನ್, 1946ರಲ್ಲಿ. ಇದನ್ನು ಹುಡುಗನಿಗೆ ಹೇಳಿದೆ. ಸಾವಿರದ ಮುನ್ನೂರು ವರ್ಷದ ಹಿಂದೆಯೂ ಯಾರೋ ಒಬ್ಬ ಇದಕ್ಕಾಗಿ ಕತ್ತಿಗೆ ಎದೆ ಕೊಟ್ಟಿದ್ದ, ಅದೂ ಅರಿವಳಿಕೆ ಇಲ್ಲದ ಕಾಲದಲ್ಲಿ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ನಾನೊಬ್ನೇ ಅಲ್ಲ" ಅಂದ.

ಉಳಿದ ಪ್ರಶ್ನೆಗಳು

ಅಕ್ಕನ ಪ್ರಶ್ನೆ: ಇದು ಕ್ಯಾನ್ಸರ್ ಆಗುತ್ತಾ? ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಗಂಡಸರದು ನೂರಕ್ಕೆ ಒಂದರ ಆಸುಪಾಸು, ಅದೂ ಹೆಚ್ಚಾಗಿ ವಯಸ್ಸಾದವರಿಗೆ. ಒಂದೇ ಕಡೆ ಇದ್ದರೆ, ಕಲ್ಲಿನ ಹಾಗೆ ಗಟ್ಟಿ ಇದ್ದರೆ, ತೊಟ್ಟಿನಿಂದ ಪಕ್ಕಕ್ಕೆ ಇದ್ದರೆ, ರಕ್ತ ಸೋರಿದರೆ, ಚರ್ಮ ಒಳಕ್ಕೆ ಎಳೆದುಕೊಂಡರೆ ತಡಮಾಡಬಾರದು. ತೆಗೆದ ಗ್ರಂಥಿಯನ್ನು ಹೇಗೂ ಪರೀಕ್ಷೆಗೆ ಕಳಿಸುತ್ತಾರೆ. ಮೊದಲ ಸೆಂಟರಿನ ಪ್ಯಾಕೇಜಿನಲ್ಲಿ ಈ ಸಾಲು ಇರಲೇ ಇಲ್ಲ.

ಹುಡುಗನದು: ಕಲೆ ಉಳಿಯುತ್ತಾ? ಉಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಕೆಂಪು, ವರ್ಷದ ಹೊತ್ತಿಗೆ ಮಾಸುತ್ತದೆ. ಡಾಕ್ಟರು ಅವನ ತೋಳಿನ ಬಿಸಿಜಿ ಲಸಿಕೆಯ ಗುರುತನ್ನು ತಿರುಗಿಸಿ ನೋಡಿದರು. ಅಕ್ಕನಿಗೆ ಕಿವಿ ಚುಚ್ಚಿಸಿದ ಜಾಗ ಗಂಟಾಗಿತ್ತಾ ಅಂತ ಕೇಳಿದರು. ಕೆಲವರ ಚರ್ಮದಲ್ಲಿ ಗಾಯ ಮಾಗುವ ಬದಲು ಗಂಟುಗಂಟಾಗಿ ಬೆಳೆಯುತ್ತದೆ, ಕೆಲಾಯ್ಡ್ ಅನ್ನುತ್ತಾರೆ, ಎದೆಯ ಚರ್ಮದಲ್ಲಿ ಅದು ಜಾಸ್ತಿ. ಇವನಿಗೆ ಹಾಗಿರಲಿಲ್ಲ.

ಮತ್ತೆ ಬರುತ್ತಾ? ಗ್ರಂಥಿ ಸಾಮಾನ್ಯವಾಗಿ ಬರಲ್ಲ. ತೂಕ ಏರಿದರೆ, ಸ್ಟೆರಾಯ್ಡ್ ಮುಟ್ಟಿದರೆ ಯಾರೂ ಹೊಣೆಯಲ್ಲ.

ಭಾವನ ಪ್ರಶ್ನೆ ದುಡ್ಡು. ಇಲ್ಲಿ ಅಂದಾಜು 95 ಸಾವಿರ. ಥಿಯೇಟರ್, ಅರಿವಳಿಕೆ ವೈದ್ಯರು, ಒಂದು ರಾತ್ರಿಯ ಬೆಡ್, ಒತ್ತುವ ಬನಿಯನ್, ಗ್ರಂಥಿ ಪರೀಕ್ಷೆ ಎಲ್ಲ ಬಿಡಿಬಿಡಿಯಾಗಿ ಬರೆದುಕೊಟ್ಟರು. ಆರೋಗ್ಯ ವಿಮೆಯ ಪುಸ್ತಕ ಹಿಡಿದುಕೊಂಡು ಹೋಗಿದ್ದೆವು. ಕೋಡ್ ಎಕ್ಸ್‌ಕ್ಲ್ 08 ಅಂತ ಒಂದು ಸಾಲು ಎಲ್ಲ ಪಾಲಿಸಿಗಳಲ್ಲೂ ಬರುತ್ತದೆ: ರೂಪ ಬದಲಿಸುವ ಚಿಕಿತ್ಸೆಗೆ ದುಡ್ಡಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸುವುದಕ್ಕೆ, ಅಥವಾ ಆರೋಗ್ಯಕ್ಕೆ ನೇರ ಅಪಾಯ ಇದ್ದರೆ ಮಾತ್ರ ಉಂಟು. ಏಜೆಂಟ್ "ಹಾಕಿ ನೋಡೋಣ" ಅಂದ. ಹಾಕಿದೆವು, ವಾಪಸ್ ಬಂತು. ಜಿಎಸ್‌ಟಿಯಲ್ಲೂ ಹೀಗೇ. ಚಿಕಿತ್ಸೆಗೆ ತೆರಿಗೆ ಇಲ್ಲ, ಆದರೆ ಸೌಂದರ್ಯಕ್ಕೆ ಮಾಡುವ ಪ್ಲಾಸ್ಟಿಕ್ ಸರ್ಜರಿಗೆ ಉಂಟು, ಹುಟ್ಟಿನ ದೋಷ ಅಥವಾ ಬೆಳವಣಿಗೆಯ ದೋಷ ಸರಿಮಾಡುವುದಾದರೆ ಇಲ್ಲ. ಇದು ಬೆಳವಣಿಗೆಯ ದೋಷ ಅಲ್ವಾ ಅಂತ ಬಿಲ್ಲಿಂಗ್ ಕೌಂಟರಿನವನ ಜೊತೆ ಅರ್ಧ ಗಂಟೆ ವಾದ ಮಾಡಿದೆ. ಸೋತೆ.

ದುಡ್ಡು ಕಷ್ಟ ಆದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋಗಿ, ಬೆಂಗಳೂರಿನ ವಿಕ್ಟೋರಿಯಾದಲ್ಲಿ ಇದೆ, ಕಾಯಬೇಕಾಗುತ್ತದೆ ಅಷ್ಟೇ ಅಂತ ಡಾಕ್ಟರೇ ಹೇಳಿದರು. ತನ್ನ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವವರನ್ನು ಕಂಡರೆ ನನ್ನಂಥ ಅಂಗಡಿಯವನಿಗೆ ನಂಬಿಕೆ ಬರುತ್ತದೆ.

"ಗಂಡು ಹುಡುಗನಿಗೆ ಇಷ್ಟು ದುಡ್ಡು ಸುರಿದು ಸೌಂದರ್ಯ ಯಾಕೆ?" ಭಾವ ಇದನ್ನು ಡಾಕ್ಟರ ಮುಂದೆಯೇ ಕೇಳಿದರು. ಡಾಕ್ಟರು ಅವರಿಗೆ ಉತ್ತರ ಕೊಡಲಿಲ್ಲ. ಹುಡುಗನ ಕಡೆ ತಿರುಗಿ, "ಇದು ಹೋದ್ರೆ ನೀನು ಏನು ಮಾಡ್ಬೇಕು ಅಂತಿದ್ದೀಯಪ್ಪ?" ಅಂದರು. ಇದು ಅವರು ಎಲ್ಲರಿಗೂ ಕೇಳುವ ಪ್ರಶ್ನೆಯಂತೆ. ಕೆಲವರು ಇದೊಂದು ಹೋದರೆ ಕೆಲಸ ಸಿಗುತ್ತದೆ, ಬಿಟ್ಟುಹೋದ ಹುಡುಗಿ ವಾಪಸ್ ಬರುತ್ತಾಳೆ ಅನ್ನುತ್ತಾರೆ. ಅಂಥವರನ್ನು ಆಪರೇಷನ್ ಮಾಡದೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಾರೆ.

ಹುಡುಗ ಹೇಳಿದ್ದು: "ಬಸ್ಸಲ್ಲಿ ನಿಂತಾಗ ಮೇಲಿನ ಕಂಬಿ ಹಿಡ್ಕೋಬೇಕು ಸಾರ್."

ಭಾವ ತಲೆ ಕೆಳಗೆ ಹಾಕಿದರು. ದಿನ ಗೊತ್ತಾಯಿತು.

ಅರ್ಧ ಲೋಟ ಕಾಫಿ

ಜನವರಿ ಆರಿಸಿದೆವು, ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಬಿಗಿ ಬನಿಯನ್ ಹಾಕಬೇಕು, ಏಪ್ರಿಲ್ಲಿನ ಚಿತ್ರದುರ್ಗದ ಬಿಸಿಲಲ್ಲಿ ಅದನ್ನು ಯೋಚನೆ ಮಾಡುವುದೂ ಬೇಡ.

ಗಟ್ಟಿ ಆಹಾರ ಆರು ಗಂಟೆ ಮುಂಚೆ ನಿಲ್ಲಿಸಬೇಕು, ಬರೀ ನೀರು ಎರಡು ಗಂಟೆ ಮುಂಚಿನ ತನಕ ಆಗಬಹುದು. ಇದನ್ನು ನಾನೇ ಎಲ್ಲರಿಗೂ ಹೇಳಿದ್ದೆ. ಬೆಳಿಗ್ಗೆ ಆರೂವರೆಗೆ ಅಕ್ಕ ಫ್ಲಾಸ್ಕಿನಿಂದ ಅರ್ಧ ಲೋಟ ಕಾಫಿ ಬಗ್ಗಿಸಿ ಕೊಟ್ಟಿದ್ದಾಳೆ. "ಕಾಫಿ ಊಟವಾ?" ಹಾಲು ಬಿದ್ದರೆ ಅದು ಗಟ್ಟಿ ಆಹಾರದ ಲೆಕ್ಕ. ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಅರಿವಳಿಕೆ ಡಾಕ್ಟರು ಒಂದು ಮಾತೂ ಬೈಯದೆ ಒಂಬತ್ತರ ಪಟ್ಟಿಯಿಂದ ತೆಗೆದು ಮಧ್ಯಾಹ್ನ ಒಂದಕ್ಕೆ ಹಾಕಿದರು. ಹುಡುಗ ಕಾಫಿ ಕುಡಿದದ್ದನ್ನು ಮುಚ್ಚಿಡದೆ ಹೇಳಿದ್ದು ಆವತ್ತಿನ ದೊಡ್ಡ ಪುಣ್ಯ.

ನಿಲ್ಲಿಸಿ ಗುರುತು ಹಾಕಿದರು. ಮಲಗಿಸಿದರೆ ಎದೆಯ ಆಕಾರ ಬದಲಾಗುತ್ತದೆ. ಆಮೇಲೆ ಪೂರ್ತಿ ಅರಿವಳಿಕೆ. ಸಲೈನಿಗೆ ಅಡ್ರಿನಲಿನ್ ಬೆರೆಸಿ ಎದೆಗೆ ತುಂಬಿದರೆ ರಕ್ತನಾಳ ಕುಗ್ಗಿ ರಕ್ತ ಕಡಿಮೆ ಹೋಗುತ್ತದೆ. ಎರಡು ಗಂಟೆ ಹತ್ತು ನಿಮಿಷ ಆಯಿತು. ಹೊರಗೆ ತಂದ ಡಬ್ಬಿಯಲ್ಲಿ ಎರಡು ಬಿಲ್ಲೆ ತೋರಿಸಿದರು. ಬಿಳಿ, ಗಟ್ಟಿ, ಅಂಚಿಗೆ ಹಳದಿ ಕೊಬ್ಬು. ಭಾವ ನೋಡಿ, "ಇಷ್ಟಕ್ಕಾ ಏಳು ವರ್ಷ?" ಅಂದರು. ನನಗೆ ಕೇಳಿಸಲಿ ಅಂತ ಅಂದದ್ದಲ್ಲ.

ಮೊದಲ ಒಂದು ದಿನ ನೋಡಬೇಕಾದದ್ದು ಒಳಗೆ ರಕ್ತ ಹೆಪ್ಪುಗಟ್ಟುವುದು. ಒಂದು ಕಡೆ ತಟ್ಟನೆ ಊದಿ ಬಿಗಿದು ನೋವು ಜಾಸ್ತಿಯಾದರೆ ಮತ್ತೆ ಥಿಯೇಟರಿಗೆ. ಅದಕ್ಕೇ ಒಂದು ರಾತ್ರಿ ಇರಿಸಿಕೊಂಡರು, ಎರಡೂ ಕಡೆ ಸಣ್ಣ ಕೊಳವೆ ಇಟ್ಟಿದ್ದರು. ಅದೇನೂ ಆಗಲಿಲ್ಲ. ಎರಡನೇ ದಿನ ಕೊಳವೆ ತೆಗೆದರು. ಹತ್ತನೇ ದಿನಕ್ಕೆ ಬಲಗಡೆ ನೀರು ತುಂಬಿ ಜೊಳಜೊಳ ಅನ್ನತೊಡಗಿತು. ಸೂಜಿ ಹಾಕಿ ಎಳೆದರು, ನಾಲ್ಕು ದಿನ ಬಿಟ್ಟು ಇನ್ನೊಂದು ಸಲ. ಇದು ಆಗುವಂಥದ್ದು ಅಂತ ಮುಂಚೆಯೇ ಹೇಳಿದ್ದರಿಂದ ನಾವು ಗಾಬರಿ ಬೀಳಲಿಲ್ಲ. ಅಕ್ಕ ಬಿದ್ದಳು.

ಬಿಗಿ ಬನಿಯನ್ ಅವನಿಗೆ ಕಷ್ಟವೇ ಆಗಲಿಲ್ಲ. ಎರಡು ಬನಿಯನ್ ಹಾಕಿ ಏಳು ವರ್ಷ ಅಭ್ಯಾಸ ಇದ್ದವನು. ವಾರಕ್ಕೆ ಕ್ಲಾಸಿಗೆ ಹೋದ. ಮೂರು ವಾರ ಕೈ ತಲೆಗಿಂತ ಮೇಲೆ ಎತ್ತಬೇಡ ಅಂದಿದ್ದರು, ಆದ್ದರಿಂದ ಬಸ್ಸಿನ ಕಂಬಿ ಇನ್ನೂ ದೂರವೇ ಇತ್ತು. ಜಿಮ್ ಆರು ವಾರ ಬಂದ್.

ಹೊಲಿಗೆ ತೆಗೆಸಲು ಹೋದ ದಿನ ಹುಡುಗ ನನ್ನನ್ನು ಹೊರಗೆ ಕೂರಿಸಿ ಒಬ್ಬನೇ ಒಳಗೆ ಹೋದ. ಏನು ಕೇಳಿದ ಅಂತ ತಿಂಗಳಾದ ಮೇಲೆ ಹೇಳಿದ. "ಸಾರ್, ನನ್ನ ಹಾರ್ಮೋನ್ ರಿಪೋರ್ಟ್ ಎಲ್ಲ ನಾರ್ಮಲ್ ಇದೆ ಅಂತ ಅಪ್ಪನಿಗೆ ನೀವೇ ಒಂದು ಸಲ ಹೇಳ್ತೀರಾ?" ಡಾಕ್ಟರು ಅಲ್ಲಿಂದಲೇ ಭಾವನಿಗೆ ಫೋನ್ ಹಚ್ಚಿ ಹೇಳಿದರಂತೆ. ಭಾವ ಈ ಫೋನಿನ ವಿಷಯ ನಮಗ್ಯಾರಿಗೂ ಹೇಳಿಲ್ಲ. ನನ್ನ ಪುಸ್ತಕದಲ್ಲಿ ಮೂವತ್ತೊಂದು ಪ್ರಶ್ನೆ ಇದ್ದವು, ಈ ಪ್ರಶ್ನೆ ಇರಲಿಲ್ಲ.

ಗ್ರಂಥಿಯ ವರದಿ ಬಂತು: ಗೈನೆಕೊಮಾಸ್ಟಿಯಾ, ಕ್ಯಾನ್ಸರಿನ ಲಕ್ಷಣ ಇಲ್ಲ. ಐದು ತಿಂಗಳಾದ ಮೇಲೂ ಬಲ ತೊಟ್ಟಿನ ಸುತ್ತ ಒಂದು ರೂಪಾಯಿಯಷ್ಟು ಜಾಗ ಜೋಮು ಹಿಡಿದ ಹಾಗೆ ಇದೆ. ಮೆಲ್ಲಗೆ ಬರುತ್ತದೆ, ಪೂರ್ತಿ ಬರದೆಯೂ ಇರಬಹುದು ಅಂದಿದ್ದಾರೆ. ಎಡಕ್ಕಿಂತ ಬಲ ಒಂದು ಎಳೆ ಎತ್ತರ ಅಂತ ಅವನ ದೂರು. ನನ್ನ ಕಣ್ಣಿಗೆ ಕಾಣಲ್ಲ. ಚೌಕಳಿ ಅಂಗಿ ಇನ್ನೂ ಬಿಟ್ಟಿಲ್ಲ.

ಎಲ್ಲ ಸುಸೂತ್ರ ಆದರೆ ಮುಡಿ ಕೊಡುತ್ತೇನೆ ಅಂತ ಭಾವ ಮಂಜುನಾಥನಿಗೆ ಹರಕೆ ಹೊತ್ತಿದ್ದರು. ಜೂನಿನಲ್ಲಿ ಅಕ್ಕ, ಭಾವ ಇಬ್ಬರೇ ಹೋದರು. ಹುಡುಗನಿಗೆ ಇಂಟರ್ನಲ್ಸ್ ಇತ್ತು. ಅಕ್ಕ ನೇತ್ರಾವತಿ ಸ್ನಾನಘಟ್ಟದಿಂದ ಮನೆಯ ಗ್ರೂಪಿಗೆ ಒಂದು ಫೋಟೋ ಕಳಿಸಿದಳು. ಭಾವ ಬೋಳು ತಲೆ, ಬರಿ ಮೈ, ಸೊಂಟಕ್ಕೆ ಒದ್ದೆ ಪಂಚೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಾರೆ. ಐದು ನಿಮಿಷಕ್ಕೆ ಹುಡುಗ ನನಗೊಬ್ಬನಿಗೇ ಮೆಸೇಜ್ ಹಾಕಿದ.

"ಮಾವ, ಅಪ್ಪಂಗೂ ಇದೆ ಅಲ್ವಾ?"

ಫೋಟೋ ದೊಡ್ಡದು ಮಾಡಿ ನೋಡಿದೆ. ಇತ್ತು. ಕೊಬ್ಬೋ ಗ್ರಂಥಿಯೋ ಫೋಟೋದಲ್ಲಿ ಗೊತ್ತಾಗಲ್ಲ ಕಣೋ ಅಂತ ಉತ್ತರ ಬರೆದೆ.